ಕುಡಿತಿನಿ ಕಾಟಾದ ಮೇಲೆ ಎರಡು ಕಾರು

ಐದೂಕಾಲಿಗೇ ಬಂದರು.
ಅದಿರು ಲಾರಿಗಳ ಸಾಲಿನಲ್ಲಿ ಡ್ರೈವರುಗಳಿನ್ನೂ ಟವೆಲು ಹೊದ್ದು ಮಲಗಿದ್ದರು.
ಮೆಕ್ಯಾನಿಕ್ ಶೇಕ್ಷಾವಲಿಯ ಸ್ಪಿಟ್‌ಫೈರ್, ಒಂದು ಕಾಲಕ್ಕೆ ಬಿಳಿ,
ಈಗ ಇಲ್ಲಿನ ಎಲ್ಲ ಬಿಳಿಯ ಹಾಗೆ ನಸುಗೆಂಪು.
ಅದರ ಹಿಂದೆ ಹಲ್ಲಿನ ಡಾಕ್ಟರು ಜಯತೀರ್ಥರ ಹಳದಿ ಎಂಜಿ.
"ಎರ್ರೆಮ್ಮಕ್ಕಾ, ಲಾರಿ ಏಳೋದ್ರೊಳಗ ಎರಡೂ ತೂಗಿಬಿಡು.
ಹನ್ನೊಂದು ವರ್ಷದ ಜಗಳ ಐತಿ."

ನನ್ನ ಕಾಟಾ ಅರವತ್ತು ಟನ್ನಿನದು.
ಇಪ್ಪತ್ತು ಕೆಜಿಗಿಂತ ಸಣ್ಣದು ಅದಕ್ಕೆ ತಿಳಿಯುವುದಿಲ್ಲ.
ನಾಯಿಮರಿ ಹಾದರೆ ಸುಮ್ಮನಿರುತ್ತದೆ,
ಕ್ಲೀನರ್ ಹುಡುಗ ನಿಂತರೆ ನಲವತ್ತು ಅನ್ನುತ್ತದೆ,
ಊಟ ಮಾಡಿ ನಿಂತರೂ ನಲವತ್ತೇ.

ಇಬ್ಬರೂ ಕೆಳಗಿಳಿದರು. ಸ್ಪಿಟ್‌ಫೈರ್: ಏಳುನೂರ ಎಂಬತ್ತು.
ಹತ್ತು ಚೀಲ ಭತ್ತ, ಮೇಲೊಂದಿಷ್ಟು ನುಚ್ಚು.
"ಪುಸ್ತಕದಾಗ ಏಳುನೂರ ಹತ್ತು ಚಿಲ್ರೆ ಐತಲ್ಲ!"
ಅಂದ ಶೇಕ್ಷಾವಲಿ, ಮಗಳ ಮಾರ್ಕ್ಸ್ ಕಾರ್ಡು ಹಿಡಿದ ಹಾಗೆ.
ಡಾಕ್ಟರು ನಕ್ಕರು: ನೆಲಕ್ಕೆ ಹಾಕಿದ್ದು ಲಾರಿ ಬಾಡಿಯ ತಗಡು,
ಸೀಟು ಯಾರದೋ ಅಂಬಾಸಡರಿನದು,
ಬಾಗಿಲೊಳಗೆ ಪುಟ್ಟಿಯೇ ಒಂದು ಗಾರೆ ಕೆಲಸ.
ಅವನು ಬಗ್ಗಿ ಹೊಸ್ತಿಲ ಕೆಳಗಿನ ರಬ್ಬರ್ ಬಿರಡೆ ಕಿತ್ತ.
ಸುರಿಯಿತು ಕೆಂಪು ಧೂಳು, ಅರ್ಧ ಬಕೆಟ್ಟು,
ಐವತ್ತು ವರ್ಷ ಗುಡ್ಡದಿಂದ ಕದ್ದು ಕೂಡಿಟ್ಟದ್ದು.
ಮತ್ತೆ ತೂಗಿದೆ. ಏಳುನೂರ ಎಂಬತ್ತು.
ಧೂಳಿನದೇ ಅನ್ನ ತಿನ್ನುವ ನನ್ನ ಕಾಟಾಕ್ಕೆ
ಧೂಳು ಲೆಕ್ಕಕ್ಕಿಲ್ಲ.

ಎಂಜಿ ಒಂಬೈನೂರ ಎಂಬತ್ತು. ಹದಿಮೂರು ಚೀಲ.
ಆಮೇಲೆ ಮುಂದಿನ ಗಾಲಿ ಮಾತ್ರ ಹತ್ತಿಸಿ ನೋಡಿದೆವು:
ಎಂಜಿ ಮುಂದೆ ಐನೂರ ಇಪ್ಪತ್ತು, ಹಿಂದೆ ನಾನೂರ ಅರವತ್ತು,
ತಲೆಯ ಮೇಲೆ ಕೊಡ ಹೊತ್ತು ಸೊಂಟದಲ್ಲೂ ಒಂದು ಹೊತ್ತವಳಂತೆ.
ಸ್ಪಿಟ್‌ಫೈರಿನದು ಮುಂದೆಯೇ ಎಲ್ಲ;
ಹಿಂದೆ ಮುನ್ನೂರ ನಲವತ್ತು, ನಂಬಲಾಗದಷ್ಟು ಹಗುರ.

ಅಂಗಳದ ಜಾಲಿಮರ ಸುತ್ತಲು ಲಾರಿಗೆ ಮೂರು ಸಲ ಹಿಂದೆ ಮುಂದೆ.
ಎಂಜಿಗೆ ಒಂದು ಸಲ.
ಸ್ಪಿಟ್‌ಫೈರ್ ನಿಂತಲ್ಲೇ ಬುಗುರಿ.
ಶೇಕ್ಷಾವಲಿ ಮೀಸೆ ಒರೆಸಿಕೊಂಡ.
"ಅಂಗಳ ಬಿಡಯ್ಯಾ, ಬೂದಿಕೆರೆ ತಿರುವಿಗೆ ಬಾ" ಅಂದರು ಡಾಕ್ಟರು,
ನನ್ನನ್ನೂ ಕೂರಿಸಿಕೊಂಡರು. ಪಂಚಾಯ್ತಿಗೆ ಒಬ್ಬರು ಬೇಕಲ್ಲ.

ಇಷ್ಟು ಕೆಳಗೆ ಕೂತು ನಾನು ಊರು ನೋಡಿರಲಿಲ್ಲ.
ಪಕ್ಕದ ಲಾರಿಯ ನಟ್ಟು ನನ್ನ ಕಣ್ಣಿಗೆ ಸಮ.
ಎಂಜಿಯ ಸ್ಟೇರಿಂಗು ನಿಂತಾಗ ಬಾವಿಯ ರಾಟೆ,
ನಲವತ್ತು ದಾಟಿದ ಮೇಲೆ ಎರಡು ಬೆರಳಿನ ಕೆಲಸ.
ತಿರುವಿನಲ್ಲಿ ಒಂದೇ ಸಲ ವಾಲಿತು, ವಾಲಿದ್ದು ವಾಲಿಯೇ ಹೋಯಿತು,
ಪಟ್ಟಿ ಸ್ಪ್ರಿಂಗು ಗೊಣಗಿದರೂ ದಾರಿ ಬಿಡಲಿಲ್ಲ.

ಸ್ಪಿಟ್‌ಫೈರ್ ಬೇರೆ ಪ್ರಾಣಿ.
ಅವನು ತಿರುಗಿಸಬೇಕು ಅಂದುಕೊಳ್ಳುವಷ್ಟರಲ್ಲಿ ತಿರುಗಿರುತ್ತಿತ್ತು.
"ಒಂದೇ ಮಾತು ನೆಪ್ಪಿಡಕ್ಕಾ. ನಡು ತಿರುವಿನಾಗ ಹೆದರಿ
ಕಾಲು ತೆಗೀಬಾರದು.
ತೆಗೆದ್ರ ಹಿಂದಿನ ಗಾಲಿ ಒಳಕ್ಕ ಮಡಚ್ತಾವ,
ಬೂದಿಯಾಗ ಹೋಗಿ ಕುಂದ್ರತೀವಿ."
ನಾನು ಕಾಲಿಡುವ ಜಾಗದಲ್ಲಿ ಪೆಡಲೇ ಇರಲಿಲ್ಲ,
ಆದರೂ ಒತ್ತಿಯೇ ಇದ್ದೆ, ತಿರುವು ಮುಗಿಯುವವರೆಗೆ.

ತೀರ್ಪು ಕೇಳಿದರು. ಅಷ್ಟರಲ್ಲಿ ಮೊದಲ ಹಾರ್ನು.
ರಸೀದಿಗೆ ಮಾಲಿನ ಹೆಸರು ಬೇಕು; ಪಟ್ಟಿಯಲ್ಲಿ
ಪುಡಿ ಅದಿರು, ಗಟ್ಟಿ ಅದಿರು, ಕಲ್ಲಿದ್ದಲು, ಬೂದಿ, ಇತರೆ.
ಎರಡಕ್ಕೂ ಇತರೆ ಒತ್ತಿದೆ.
ಕನಿಷ್ಠ ದರ, ಇಬ್ಬರಿಗೂ ಒಂದೇ.
ಚಿಲ್ಲರೆಗೆ ಇಬ್ಬರೂ ಜಗಳವಾಡಿ ಹೋದರು.

ಎಂಜಿ ನಿಂತಲ್ಲಿ ಎಣ್ಣೆಯ ಮೂರು ಹನಿ.
ಸ್ಪಿಟ್‌ಫೈರ್ ನಿಂತಲ್ಲಿ ನಾಲ್ಕು.
ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ
ಹದಿನಾಲ್ಕು ಗಾಲಿ ಹತ್ತಿ ನಿಂತವು,
ಪರದೆ ನಡುಗಿ, ತಡವರಿಸಿ, ಹೇಳಿತು:
ನಲವತ್ತೆಂಟು ಸಾವಿರದ ಆರುನೂರ ಅರವತ್ತು.